ನರವೋ, ನೆತ್ತರೋ? ಹಾರ್ಮೋನು ಪತ್ತೆಯಾದ ಬಗೆ

ನೀವು ಈಗಷ್ಟೇ ಊಟ ಮುಗಿಸಿ, ಕೈತೊಳೆದು ಈ ಪುಟ ತೆರೆದಿದ್ದೀರಿ ಎಂದುಕೊಳ್ಳಿ. ನಿಮ್ಮ ಜಠರದಲ್ಲಿ ಅನ್ನ, ಸಾರು, ಮಜ್ಜಿಗೆ ಎಲ್ಲವೂ ಹೈಡ್ರೊಕ್ಲೋರಿಕ್ ಆಮ್ಲದೊಡನೆ ಕಲಸಿ ಗಂಜಿಯಂತಾಗುತ್ತಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಈ ಹುಳಿ ಗಂಜಿ ಅಷ್ಟಷ್ಟಾಗಿ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೊಡಿನಮ್‌ಗೆ ಇಳಿಯುತ್ತದೆ. ಜಠರದ ಒಳಗೋಡೆ ಆ ಆಮ್ಲವನ್ನು ತಾಳಿಕೊಳ್ಳಬಲ್ಲದು, ಕರುಳಿನ ಗೋಡೆ ಅಷ್ಟು ತಾಳಲಾರದು. ಆದರೆ ಆಮ್ಲ ಇಳಿದ ಕೆಲವೇ ನಿಮಿಷಗಳಲ್ಲಿ ಪಕ್ಕದ ಮೇದೋಜೀರಕ ಗ್ರಂಥಿ ತನ್ನ ನಾಳದ ಮೂಲಕ ಕ್ಷಾರಗುಣದ ರಸವನ್ನು ಸುರಿಸುತ್ತದೆ. ಆಮ್ಲ ತಟಸ್ಥಗೊಳ್ಳುತ್ತದೆ, ಕರುಳು ಉಳಿಯುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಆಮ್ಲ ಬಿದ್ದದ್ದು ಕರುಳಿನೊಳಗೆ, ಮೇದೋಜೀರಕ ಗ್ರಂಥಿ ಇರುವುದು ಕರುಳಿನ ಹೊರಗೆ. ಹಾಗಾದರೆ ಆಮ್ಲ ಬಂದಿದೆ ಎಂದು ಗ್ರಂಥಿಗೆ ತಿಳಿಸಿದವರು ಯಾರು?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಾವ ಶರೀರಕ್ರಿಯಾ ವಿಜ್ಞಾನಿಯನ್ನು ಕೇಳಿದ್ದರೂ ನಿಮಗೆ ಒಂದೇ ಉತ್ತರ ಸಿಗುತ್ತಿತ್ತು: ನರ. ಸಮುದ್ರದಡಿಯಲ್ಲಿ ತಂತಿ ಎಳೆದು ಖಂಡದಿಂದ ಖಂಡಕ್ಕೆ ಸುದ್ದಿ ಕಳಿಸುತ್ತಿದ್ದ ಕಾಲ ಅದು. ಮಿದುಳು ತಂತಿ ಕಚೇರಿ, ನರಗಳೇ ತಂತಿಗಳು ಎಂಬ ಕಲ್ಪನೆ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಅದಕ್ಕೆ ಬಲವಾದ ಆಧಾರವೂ ಇತ್ತು. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಇವಾನ್ ಪಾವ್ಲೋವ್, ನಾಯಿಗಳ ಜೀರ್ಣಗ್ರಂಥಿಗಳ ನಾಳಗಳನ್ನು ಶಸ್ತ್ರಕ್ರಿಯೆಯಿಂದ ಹೊರಕ್ಕೆ ತೆರೆದು, ರಸ ತೊಟ್ಟಿಕ್ಕುವುದನ್ನು ಹನಿಹನಿಯಾಗಿ ಅಳೆದಿದ್ದರು. ವೇಗಸ್ ನರವನ್ನು ಪ್ರಚೋದಿಸಿದರೆ ಜಠರವೂ ಮೇದೋಜೀರಕ ಗ್ರಂಥಿಯೂ ರಸ ಸುರಿಸುತ್ತವೆ ಎಂದು ತೋರಿಸಿದ್ದರು. 1897ರಲ್ಲಿ ಬಂದ ಅವರ ಗ್ರಂಥ ಈ ಕ್ಷೇತ್ರದಲ್ಲಿ ಪ್ರಮಾಣವೆನಿಸಿತ್ತು. ಡ್ಯುವೊಡಿನಮ್‌ಗೆ ಆಮ್ಲ ಹಾಕಿದರೆ ಮೇದೋಜೀರಕ ರಸ ಬರುವುದೂ ಅವರ ಪ್ರಯೋಗಶಾಲೆಗೆ ಗೊತ್ತಿತ್ತು. ಅದನ್ನೂ ಅವರು ನರಗಳ ಲೆಕ್ಕಕ್ಕೇ ಬರೆದುಕೊಂಡಿದ್ದರು.

ಆದರೆ ನರವಿಲ್ಲದೆಯೂ ಒಂದು ಅಂಗ ಇನ್ನೊಂದಕ್ಕೆ ಆಜ್ಞೆ ಮಾಡಬಲ್ಲದೆಂಬ ಸುಳಿವು ಅರ್ಧ ಶತಮಾನದ ಹಿಂದೆಯೇ ಸಿಕ್ಕಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ, ಅಷ್ಟೆ.

ಹುಂಜಗಳು ಹೇಳಿದ್ದು

ಜರ್ಮನಿಯ ಗಟಿಂಗೆನ್ನಿನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬ ಪ್ರಾಧ್ಯಾಪಕರು 1849ರಲ್ಲಿ ನಾಲ್ಕು ಪುಟದ ಒಂದು ಲೇಖನ ಪ್ರಕಟಿಸಿದರು. ಆರು ಎಳೆಯ ಹುಂಜಗಳ ಮೇಲೆ ಮಾಡಿದ ಪ್ರಯೋಗ ಅದು. ವೃಷಣಗಳನ್ನು ಪೂರ್ತಿ ತೆಗೆದುಹಾಕಿದ ಹುಂಜಗಳಿಗೆ ಜುಟ್ಟು ಬೆಳೆಯಲಿಲ್ಲ. ಅವು ಗಟ್ಟಿಯಾಗಿ ಕೂಗಲೂ ಇಲ್ಲ, ಜಗಳಕ್ಕೆ ನಿಲ್ಲಲೂ ಇಲ್ಲ. ಹಳ್ಳಿಯವರಿಗೆಲ್ಲ ಗೊತ್ತಿದ್ದ ಸಂಗತಿಯೇ ಇದು. ಬರ್ತೋಲ್ಡ್ ಮಾಡಿದ ಹೊಸ ಕೆಲಸವೆಂದರೆ, ಇನ್ನು ಕೆಲವು ಹುಂಜಗಳಲ್ಲಿ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಕರುಳುಗಳ ನಡುವೆ ಇರಿಸಿ ಹೊಲಿದದ್ದು. ಈ ಹುಂಜಗಳು ಕೆಂಪು ಜುಟ್ಟು ಬಿಟ್ಟವು, ಕೂಗಿದವು, ಕಾದಾಡಿದವು. ಕೊನೆಗೆ ಕೊಯ್ದು ನೋಡಿದಾಗ ವೃಷಣ ಕರುಳಿಗೆ ಅಂಟಿಕೊಂಡು ಬದುಕಿತ್ತು, ಅದಕ್ಕೆ ಹೊಸ ರಕ್ತನಾಳಗಳು ಬೆಳೆದಿದ್ದವು. ಹಳೆಯ ನರಗಳ ಸಂಪರ್ಕ ಮಾತ್ರ ಇರಲಿಲ್ಲ. ವೃಷಣವು ರಕ್ತದ ಮೇಲೂ, ರಕ್ತವು ಇಡೀ ದೇಹದ ಮೇಲೂ ಪರಿಣಾಮ ಬೀರುತ್ತದೆ ಎಂದು ಬರ್ತೋಲ್ಡ್ ಬರೆದರು. ಇಷ್ಟು ಸ್ಪಷ್ಟವಾಗಿ ಬರೆದವರು ಮುಂದೆ ಆ ವಿಷಯವನ್ನು ಬೆಳೆಸಲೇ ಇಲ್ಲ, ಬೇರೆಯವರೂ ಗಮನಿಸಲಿಲ್ಲ.

1855ರಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್, ಯಕೃತ್ತು ಪಿತ್ತರಸವನ್ನು ನಾಳದ ಮೂಲಕ ಹೊರಕ್ಕೆ ಬಿಡುವಂತೆ ಸಕ್ಕರೆಯನ್ನು ನೇರವಾಗಿ ರಕ್ತಕ್ಕೆ ಬಿಡುತ್ತದೆ ಎಂದು ತೋರಿಸಿ, ಇದನ್ನು ಒಳಸ್ರವಿಕೆ ಎಂದು ಕರೆದರು. ಅದೇ ವರ್ಷ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್, ದಿನೇ ದಿನೇ ನಿಶ್ಶಕ್ತರಾಗಿ, ಚರ್ಮ ಕಪ್ಪಿಟ್ಟು ಸಾಯುತ್ತಿದ್ದ ರೋಗಿಗಳ ವಿವರ ಪ್ರಕಟಿಸಿದರು. ಶವಪರೀಕ್ಷೆಯಲ್ಲಿ ಅವರಿಗೆ ಕಂಡದ್ದು ಹಾಳಾದ ಅಡ್ರೀನಲ್ ಗ್ರಂಥಿಗಳು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕೂತಿರುವ ಈ ಗ್ರಂಥಿಗಳಿಗೆ ನಾಳವೇ ಇಲ್ಲ. ಥೈರಾಯ್ಡ್ ಗ್ರಂಥಿಗೂ ಇಲ್ಲ. ನಾವು ಇಂದಿಗೂ ನಿರ್ನಾಳ ಗ್ರಂಥಿಗಳು ಎನ್ನುವುದು ಈ ಕಾರಣಕ್ಕೇ. ನಾಳವಿಲ್ಲದ ಗ್ರಂಥಿ ಏನು ಕೆಲಸ ಮಾಡೀತು ಎಂಬುದು ಅಂದಿನವರಿಗೆ ಒಗಟಾಗಿತ್ತು.

ಈ ಒಗಟಿಗೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕ್ರೂರವಾದ ಉತ್ತರವೊಂದು ಸಿಕ್ಕಿತು. ಶಸ್ತ್ರವೈದ್ಯ ಥಿಯೊಡೋರ್ ಕೋಖರ್ ಗಳಗಂಡದ ರೋಗಿಗಳಲ್ಲಿ ಇಡೀ ಥೈರಾಯ್ಡನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಗಾಯ ಚೆನ್ನಾಗಿಯೇ ಮಾಯುತ್ತಿತ್ತು. ಕೆಲವು ವರ್ಷಗಳ ಮೇಲೆ ಅವರನ್ನು ಮತ್ತೆ ಕರೆಸಿ ನೋಡಿದಾಗ ಅನೇಕರ ಮುಖ ಊದಿಕೊಂಡಿತ್ತು, ಬುದ್ಧಿ ಮಂದವಾಗಿತ್ತು. ಮಕ್ಕಳಲ್ಲಿ ಬೆಳವಣಿಗೆಯೇ ನಿಂತಿತ್ತು. 1883ರಲ್ಲಿ ಕೋಖರ್ ಇದನ್ನು ಮುಚ್ಚಿಡದೆ ವರದಿ ಮಾಡಿ, ಪೂರ್ತಿ ಗ್ರಂಥಿ ತೆಗೆಯುವುದನ್ನು ಕೈಬಿಟ್ಟರು. 1909ರಲ್ಲಿ ಅವರಿಗೆ ನೊಬೆಲ್ ಬಂತು.

ಮುದುಕನ ಚುಚ್ಚುಮದ್ದು, ಕುರಿಯ ಥೈರಾಯ್ಡ್

1889ರ ಜೂನ್ 1ರಂದು ಪ್ಯಾರಿಸ್ಸಿನ ಜೀವವಿಜ್ಞಾನ ಸಂಘದ ಸಭೆಯಲ್ಲಿ 72 ವರ್ಷದ ಷಾರ್ಲ್ ಬ್ರೌನ್-ಸೆಕಾರ್ ಎದ್ದುನಿಂತರು. ಬೆನ್ನುಹುರಿಯ ಮೇಲಿನ ಅಧ್ಯಯನಗಳಿಂದ ದೊಡ್ಡ ಹೆಸರು ಪಡೆದವರು. ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ನೀರಿನಲ್ಲಿ ಅರೆದು ಸೋಸಿ ತಮಗೆ ತಾವೇ ಚುಚ್ಚಿಕೊಂಡಿರುವುದಾಗಿಯೂ, ಕಳೆದುಹೋಗಿದ್ದ ಕಸುವು ಮರಳಿದೆಯೆಂದೂ ಹೇಳಿದರು. ಸುದ್ದಿ ಹಬ್ಬಿದ್ದೇ ತಡ, ಯುವಕರಾಗುವ ಆಸೆಯ ಮುದುಕರೂ, ಅವರ ಜೇಬಿಗೆ ಕಣ್ಣಿಟ್ಟ ವ್ಯಾಪಾರಿಗಳೂ ಮುಗಿಬಿದ್ದರು. ವೃಷಣದಲ್ಲಿ ತಯಾರಾಗುವ ಟೆಸ್ಟೊಸ್ಟಿರೋನ್ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಮೇಲಾಗಿ ಅದು ವೃಷಣದಲ್ಲಿ ದಾಸ್ತಾನಾಗಿರುವುದೂ ಇಲ್ಲ. ಬ್ರೌನ್-ಸೆಕಾರ್ ಅನುಭವಿಸಿದ್ದು ಔಷಧದ ಗುಣವನ್ನಲ್ಲ, ನಂಬಿಕೆಯ ಗುಣವನ್ನು.

ಹಾಗೆಂದು ನೀವು ಅವರನ್ನು ನಕ್ಕು ಬಿಟ್ಟುಬಿಡುವಂತಿಲ್ಲ. ಗ್ರಂಥಿಯ ಸತ್ತ್ವವನ್ನು ಹಿಂಡಿ ರೋಗಿಗೆ ಕೊಡಬಹುದೆಂಬ ಧೈರ್ಯ ಬಂದದ್ದು ಆ ಸಭೆಯಿಂದಲೇ. ಎರಡೇ ವರ್ಷದಲ್ಲಿ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಯುವ ವೈದ್ಯ ಜಾರ್ಜ್ ಮರ್ರೆ ಥೈರಾಯ್ಡ್ ಬತ್ತಿ ಮೈಯೆಲ್ಲ ಊದಿಕೊಂಡಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ಸತ್ತ್ವವನ್ನು ಚುಚ್ಚಿದರು. ಕೆಲವೇ ತಿಂಗಳಲ್ಲಿ ಊತ ಇಳಿದು ಆಕೆ ಮೊದಲಿನಂತಾದರು. ಮುಂದೆ ಅದನ್ನೇ ಬಾಯಿಯ ಮೂಲಕ ಸೇವಿಸುತ್ತ 28 ವರ್ಷ ಬದುಕಿ, 74ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಕಾಲದಲ್ಲಿ ಆಕೆಯೊಬ್ಬರಿಗೆ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಬೇಕಾಗಿತ್ತೆಂದು ಮರ್ರೆ ಲೆಕ್ಕ ಇಟ್ಟಿದ್ದಾರೆ. ದೇಹದಲ್ಲಿಲ್ಲದ ಹಾರ್ಮೋನನ್ನು ಹೊರಗಿನಿಂದ ಕೊಟ್ಟು ರೋಗಿಯನ್ನು ಉಳಿಸಿಕೊಳ್ಳುವ ಚಿಕಿತ್ಸೆ ಹೀಗೆ ಶುರುವಾಯಿತು. ಆಗಿನ್ನೂ ಹಾರ್ಮೋನು ಎಂಬ ಪದವೇ ಹುಟ್ಟಿರಲಿಲ್ಲ.

ಮುಂದಿನದು ವೇಗವಾಗಿ ನಡೆಯಿತು. ಅಡ್ರೀನಲ್ ಸತ್ತ್ವವನ್ನು ಪ್ರಾಣಿಗೆ ಚುಚ್ಚಿದರೆ ರಕ್ತದೊತ್ತಡ ಧಿಡೀರನೆ ಏರುತ್ತದೆಂದು ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1894ರಲ್ಲಿ ಲಂಡನ್ನಿನಲ್ಲಿ ತೋರಿಸಿದರು. 1901ರಲ್ಲಿ ಅಮೆರಿಕದಲ್ಲಿದ್ದ ಜಪಾನೀ ರಸಾಯನಜ್ಞ ಜೋಕಿಚಿ ತಕಾಮಿನೆ ಆ ಸತ್ತ್ವದಿಂದ ಹರಳುಗಳನ್ನು ಪಡೆದ ಸುದ್ದಿ ಪ್ರಕಟಿಸಿ ಅಡ್ರಿನಲಿನ್ ಎಂಬ ಹೆಸರಿಟ್ಟರು. ಆ ಹರಳಿಗಾಗಿ ಹಗಲಿರುಳು ದುಡಿದ ಸಹಾಯಕ ಕೇಜೊ ಉಯೆನಾಕನ ಹೆಸರು ಬಹುಕಾಲ ಮರೆಯಲ್ಲೇ ಉಳಿಯಿತು.

ಇಷ್ಟಾದರೂ ಒಂದು ಕೊರತೆ ಇತ್ತು. ಗ್ರಂಥಿಯನ್ನು ಅರೆದು ಚುಚ್ಚಿದರೆ ಏನೋ ಆಗುತ್ತದೆ ಎಂಬುದೇನೋ ನಿಜ. ಅಫೀಮನ್ನು ಚುಚ್ಚಿದರೂ ಏನೋ ಆಗುತ್ತದೆ! ಬದುಕಿರುವ ದೇಹವು ತಾನೇ, ತನ್ನ ಅಗತ್ಯಕ್ಕೆ, ತಕ್ಕ ಗಳಿಗೆಯಲ್ಲಿ ಇಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು ದೂರದ ಅಂಗಕ್ಕೆ ಸುದ್ದಿ ಮುಟ್ಟಿಸುತ್ತದೆಯೇ? ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

1902ರ ಜನವರಿ 16

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಜೊತೆಯಾಗಿ ಕೆಲಸ ಮಾಡುತ್ತಿದ್ದರು. ಸ್ಟಾರ್ಲಿಂಗರ ಸಹೋದರಿಯನ್ನು ಬೇಲಿಸ್ ಮದುವೆಯಾಗಿದ್ದರು, ಆದ್ದರಿಂದ ಇಬ್ಬರೂ ನೆಂಟರೂ ಹೌದು. ಬೇಲಿಸ್ ಸಾವಧಾನದ, ತೂಕದ ಮನುಷ್ಯ. ಸ್ಟಾರ್ಲಿಂಗ್ ಚುರುಕು, ಆತುರ. ಫ್ರಾನ್ಸಿನ ವರ್ತೈಮರ್ ಮತ್ತು ಲಪಾಜ್ ಎಂಬಿಬ್ಬರು, ಕರುಳಿಗೆ ಹೋಗುವ ದೊಡ್ಡ ನರಗಳನ್ನೆಲ್ಲ ಕತ್ತರಿಸಿದ ಮೇಲೂ ಆಮ್ಲಕ್ಕೆ ಮೇದೋಜೀರಕ ಗ್ರಂಥಿ ಓಗೊಡುವುದನ್ನು ಕಂಡಿದ್ದರು. ಕಂಡೂ ಅವರು ನರದ ಕಲ್ಪನೆ ಬಿಡಲಿಲ್ಲ, ಎಲ್ಲೋ ಸ್ಥಳೀಯ ನರಜಾಲವಿರಬೇಕು ಎಂದುಕೊಂಡರು. ಇದನ್ನು ಪರೀಕ್ಷಿಸಲು ಈ ಭಾವಮೈದುನರು ಹೊರಟರು.

ಅರಿವಳಿಕೆ ಕೊಟ್ಟ ನಾಯಿಯಲ್ಲಿ ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗಳನ್ನು ಬಿಗಿದು ಕಟ್ಟಿದರು. ಆ ತುಂಡಿಗೆ ಬರುವ ನರಗಳನ್ನು ಎಳೆಎಳೆಯಾಗಿ ಬಿಡಿಸಿ ಕತ್ತರಿಸಿದರು. ಈಗ ಅದಕ್ಕೂ ಉಳಿದ ದೇಹಕ್ಕೂ ಇದ್ದ ಸಂಬಂಧ ಎರಡೇ ಕೊಳವೆಗಳದು: ರಕ್ತ ತರುವ ಅಪಧಮನಿ, ಒಯ್ಯುವ ಅಭಿಧಮನಿ. ತಂತಿ ಕಡಿದ ಊರು, ಹೊಳೆ ಮಾತ್ರ ಹರಿಯುತ್ತಿದೆ ಎನ್ನಿ. ಆ ತುಂಡಿನೊಳಗೆ ತೆಳು ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರು. ಸುಮಾರು ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮೇದೋಜೀರಕ ನಾಳದಿಂದ ಹನಿಗಳು ಬೀಳತೊಡಗಿದವು, ನರಗಳು ಇದ್ದಾಗ ಹೇಗೋ ಹಾಗೆಯೇ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆಮ್ಲವೇ ರಕ್ತಕ್ಕೆ ಸೇರಿ ಗ್ರಂಥಿಯನ್ನು ಮುಟ್ಟಿರಬಹುದಲ್ಲವೇ? ಇಲ್ಲ, ಆಮ್ಲವನ್ನು ನೇರವಾಗಿ ರಕ್ತಕ್ಕೆ ಬಿಟ್ಟರೆ ಗ್ರಂಥಿ ಸುಮ್ಮನಿರುತ್ತದೆ ಎಂಬುದು ಆ ವೇಳೆಗೆ ಗೊತ್ತಿತ್ತು. ಹಾಗಿದ್ದರೆ ಆಮ್ಲ ತಾಗಿದಾಗ ಕರುಳಿನ ಒಳಪೊರೆಯೇ ಏನನ್ನೋ ಹುಟ್ಟಿಸಿ ರಕ್ತಕ್ಕೆ ಬಿಡುತ್ತಿರಬೇಕು. ಅಂದು ಪ್ರಯೋಗ ನೋಡಲು ಬಂದಿದ್ದ ಚಾರ್ಲ್ಸ್ ಮಾರ್ಟಿನ್ ಮುಂದೆ ನೆನಪಿಸಿಕೊಂಡಂತೆ, ಹಾಗಾದರೆ ಇದು ರಾಸಾಯನಿಕ ಪ್ರತಿಕ್ರಿಯೆಯೇ ಆಗಿರಬೇಕು ಎಂದು ಸ್ಟಾರ್ಲಿಂಗ್ ಉದ್ಗರಿಸಿದರು. ಕೂಡಲೇ ಕರುಳಿನ ಇನ್ನೊಂದು ತುಂಡು ಕತ್ತರಿಸಿ, ಅದರ ಲೋಳೆಪೊರೆಯನ್ನು ಕೆರೆದು, ಮರಳು ಮತ್ತು ತೆಳು ಆಮ್ಲ ಸೇರಿಸಿ ಅರೆದು, ಸೋಸಿ, ಆ ದ್ರವವನ್ನು ನಾಯಿಯ ಕುತ್ತಿಗೆಯ ಅಭಿಧಮನಿಗೆ ಚುಚ್ಚಿದರು. ಕೆಲವು ಕ್ಷಣಗಳಲ್ಲಿ ಮೇದೋಜೀರಕ ರಸ ಮೊದಲಿಗಿಂತ ಹೆಚ್ಚಾಗಿಯೇ ಸುರಿಯಿತು.

ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಇದಕ್ಕೆ ಬೇಕಾದ ಉಪಕರಣಗಳು ಎಷ್ಟು ಸರಳವಾಗಿದ್ದವು ನೋಡಿ: ದಾರ, ಕತ್ತರಿ, ಮರಳು, ಸೋಸುವ ಕಾಗದ. ಬೇಕಾಗಿದ್ದ ಇನ್ನೊಂದು ಸಲಕರಣೆ ಎಂದರೆ ನರವಲ್ಲದೆ ಬೇರೆ ದಾರಿ ಇರಬಹುದೆಂದು ಒಪ್ಪುವ ಮನಸ್ಸು. ಫ್ರೆಂಚರ ಬಳಿ ಮೊದಲಿನವೆಲ್ಲ ಇದ್ದವು.

ಪಾವ್ಲೋವ್ ಏನು ಹೇಳಿದರು? ಅವರ ಶಿಷ್ಯ ಬಾಬ್ಕಿನ್ ದಾಖಲಿಸಿದಂತೆ, ತಮ್ಮ ಪ್ರಯೋಗಶಾಲೆಯಲ್ಲೇ ಈ ಪ್ರಯೋಗವನ್ನು ಮಾಡಿಸಿ ಮೌನವಾಗಿ ನೋಡಿದರು. ರಸ ತೊಟ್ಟಿಕ್ಕುವುದು ಕಂಡ ಮೇಲೆ ಮಾತಿಲ್ಲದೆ ತಮ್ಮ ಕೋಣೆಗೆ ಹೋದರು. ಅರ್ಧ ಗಂಟೆಯ ನಂತರ ಹೊರಬಂದು, ಅವರು ಹೇಳುವುದೇ ಸರಿ, ಸತ್ಯ ಕಂಡುಹಿಡಿಯುವ ಹಕ್ಕನ್ನು ನಾವೊಬ್ಬರೇ ಗುತ್ತಿಗೆ ಹಿಡಿದಿಲ್ಲವಲ್ಲ ಎಂಬರ್ಥದ ಮಾತಾಡಿದರು. 1904ರಲ್ಲಿ ಜೀರ್ಣಕ್ರಿಯೆಯ ಸಂಶೋಧನೆಗಾಗಿ ನೊಬೆಲ್ ಬಂದದ್ದು ಪಾವ್ಲೋವ್ ಅವರಿಗೇ. ಬೇಲಿಸ್, ಸ್ಟಾರ್ಲಿಂಗ್ ಇಬ್ಬರಿಗೂ ಅದು ಕೊನೆಗೂ ಸಿಗಲಿಲ್ಲ. ಪಾವ್ಲೋವ್ ಪೂರ್ತಿ ಸೋತರೆಂದೂ ತಿಳಿಯಬೇಡಿ. ಊಟದ ವಾಸನೆ, ರುಚಿಗೆ ಮೇದೋಜೀರಕ ಗ್ರಂಥಿ ಓಗೊಡುವುದು ವೇಗಸ್ ನರದಿಂದಲೇ. ಆಮ್ಲಕ್ಕೆ ಓಗೊಡುವುದು ಮುಖ್ಯವಾಗಿ ಸೆಕ್ರೆಟಿನ್‌ನಿಂದ.

ಈ ಕಥೆಗೆ ಇನ್ನೊಂದು ಮುಖವಿದೆ. 1903ರ ಫೆಬ್ರವರಿಯಲ್ಲಿ ಬೇಲಿಸ್ ವಿದ್ಯಾರ್ಥಿಗಳ ಮುಂದೆ ಕಂದು ಬಣ್ಣದ ನಾಯಿಯೊಂದರ ಮೇಲೆ ಪ್ರಾತ್ಯಕ್ಷಿಕೆ ನಡೆಸಿದರು. ಅದಕ್ಕೆ ಸಾಕಷ್ಟು ಅರಿವಳಿಕೆ ಕೊಟ್ಟಿರಲಿಲ್ಲ ಎಂದು ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿನಿಯರು ಬರೆದರು. ಆ ಆರೋಪವನ್ನು ಸಾರ್ವಜನಿಕ ಸಭೆಯಲ್ಲಿ ಎತ್ತಿದವರ ಮೇಲೆ ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಪರಿಹಾರವಾಗಿ ಬಂದ 2000 ಪೌಂಡನ್ನು ಕಾಲೇಜಿನ ಸಂಶೋಧನೆಗೆ ಕೊಟ್ಟರು. ವಿರೋಧಿಗಳು 1906ರಲ್ಲಿ ಲಂಡನ್ನಿನ ಬ್ಯಾಟರ್‌ಸೀಯಲ್ಲಿ ಆ ನಾಯಿಯ ಪ್ರತಿಮೆ ನಿಲ್ಲಿಸಿದರು. ಅದರ ಸುತ್ತ ವೈದ್ಯ ವಿದ್ಯಾರ್ಥಿಗಳ ಗಲಭೆಗಳೇ ನಡೆದು, 1910ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ತೆಗೆಯಲಾಯಿತು. 1985ರಲ್ಲಿ ಬೇರೊಂದು ಪ್ರತಿಮೆ ಬಂತು. ನ್ಯಾಯಾಲಯದ ತೀರ್ಪು ಏನೇ ಇರಲಿ, ಹಾರ್ಮೋನುಗಳ ಜ್ಞಾನಕ್ಕೆ ಆ ಮೂಕಪ್ರಾಣಿಗಳು ತೆತ್ತ ಬೆಲೆಯನ್ನು ಈ ಇತಿಹಾಸದಿಂದ ಅಳಿಸುವಂತಿಲ್ಲ.

ಡಂಗುರ

1905ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳನ್ನೆಲ್ಲ ಮೊದಲ ಸಲ ಹಾರ್ಮೋನು ಎಂದು ಕರೆದರು. ಪದದ ಬೇರು, ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತು. ಸೂಚಿಸಿದವರು ಕೇಂಬ್ರಿಜ್‌ನ ಸ್ನೇಹಿತರು. ಕನ್ನಡದಲ್ಲಿ ಕೆಲವರು ರಸದೂತ ಎಂದು ಬರೆಯುತ್ತಾರೆ. ನನಗೆ ಗ್ರೀಕ್ ಪದಕ್ಕಿಂತ ಇದೇ ಹೆಚ್ಚು ಒಪ್ಪುತ್ತದೆ. ಏಕೆಂದರೆ ಎಲ್ಲ ಹಾರ್ಮೋನುಗಳೂ ಪ್ರಚೋದಿಸುವುದಿಲ್ಲ, ಕೆಲವು ತಡೆಯುತ್ತವೆ. ಸುದ್ದಿ ಒಯ್ಯುವುದು ಮಾತ್ರ ಎಲ್ಲಕ್ಕೂ ಸಮಾನ.

ಈ ದೂತನ ರೀತಿ ಎಂಥದು? ನರ ಒಂದು ಮನೆಯ ಬಾಗಿಲಿಗೆ ಬಂದು ಕಿವಿಯಲ್ಲಿ ಹೇಳಿಹೋಗುವ ಆಳು. ಹಾರ್ಮೋನು ಊರೆಲ್ಲ ಸಾರುವ ಡಂಗುರ. ರಕ್ತ ಹರಿಯುವಲ್ಲೆಲ್ಲ ಅದು ಹೋಗುತ್ತದೆ, ಆದರೆ ಸಂಬಂಧಪಟ್ಟವರಷ್ಟೇ ಎದ್ದು ಬರುತ್ತಾರೆ. ಯಾವ ಜೀವಕೋಶದಲ್ಲಿ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕ ಪ್ರೋಟೀನು ಇದೆಯೋ ಅದು ಮಾತ್ರ ಓಗೊಡುತ್ತದೆ. ಇನ್ಸುಲಿನ್, ಸೆಕ್ರೆಟಿನ್‌ಗಳ ಗ್ರಾಹಕಗಳು ಕೋಶದ ಹೊರಪೊರೆಯಲ್ಲಿರುತ್ತವೆ. ಟೆಸ್ಟೊಸ್ಟಿರೋನ್, ಥೈರಾಕ್ಸಿನ್‌ಗಳು ಒಳಹೊಕ್ಕು, ಯಾವ ಜೀನ್ ಕೆಲಸ ಮಾಡಬೇಕೆಂಬುದನ್ನೇ ಬದಲಿಸುತ್ತವೆ. ಡಂಗುರದ ಸದ್ದು ಅಡಗುವ ಹೊತ್ತೂ ಬೇರೆ ಬೇರೆ: ರಕ್ತದಲ್ಲಿನ ಇನ್ಸುಲಿನ್ ಕೆಲವು ನಿಮಿಷಗಳಲ್ಲಿ ಅರ್ಧಕ್ಕಿಳಿದರೆ, ಥೈರಾಕ್ಸಿನ್ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಪ್ರಮಾಣವೋ, ಅನೇಕ ಹಾರ್ಮೋನುಗಳಲ್ಲಿ ಒಂದು ಮಿಲಿಲೀಟರ್ ರಕ್ತಕ್ಕೆ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು, ಇಲ್ಲವೇ ಅದಕ್ಕೂ ಕಡಿಮೆ. ಇಷ್ಟು ಸೂಕ್ಷ್ಮವಾದುದನ್ನು ಅಳೆಯುವ ವಿಧಾನ ಸಿಕ್ಕಿದ್ದು 1960ರ ಸುಮಾರಿಗೆ, ನ್ಯೂಯಾರ್ಕಿನ ರೊಸಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ಅವರಿಂದ.

ಸಾರಿದ್ದನ್ನು ನಿಲ್ಲಿಸುವವರು ಯಾರು? ಸೆಕ್ರೆಟಿನ್‌ನಲ್ಲಿ ಇದು ಸುಲಭ: ಕ್ಷಾರರಸ ಬಂದು ಆಮ್ಲ ತಟಸ್ಥವಾದೊಡನೆ ಕರುಳು ಸೆಕ್ರೆಟಿನ್ ಬಿಡುವುದೂ ನಿಲ್ಲುತ್ತದೆ. ಥೈರಾಯ್ಡಿನಲ್ಲಿ ಕ್ರಮ ಇನ್ನೂ ಉದ್ದ. ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿ ಟಿ.ಎಸ್.ಎಚ್. ಎಂಬ ಹಾರ್ಮೋನನ್ನು ಕಳಿಸಿ ಥೈರಾಯ್ಡನ್ನು ದುಡಿಸುತ್ತದೆ. ರಕ್ತದಲ್ಲಿ ಥೈರಾಕ್ಸಿನ್ ಏರಿದರೆ ಪಿಟ್ಯೂಟರಿ ಕೈ ಬಿಗಿಹಿಡಿಯುತ್ತದೆ, ಇಳಿದರೆ ಸಡಿಲಿಸುತ್ತದೆ. ಈಗ ಆಹಾರದಲ್ಲಿ ಅಯೋಡಿನ್ ಇಲ್ಲವೆನ್ನಿ. ಅಯೋಡಿನ್ ಇಲ್ಲದೆ ಥೈರಾಕ್ಸಿನ್ ತಯಾರಾಗದು. ಪಿಟ್ಯೂಟರಿ ದುಡಿ, ಇನ್ನೂ ದುಡಿ ಎಂದು ಕೂಗುತ್ತಲೇ ಇರುತ್ತದೆ. ಕಚ್ಚಾ ವಸ್ತುವಿಲ್ಲದ ಥೈರಾಯ್ಡ್ ಊದುತ್ತ ಹೋಗಿ ಗಳಗಂಡವಾಗುತ್ತದೆ. ನಮ್ಮ ದೇಶದಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಕೆಲವು ಭಾಗಗಳಿಗೆ ಅಯೋಡಿನ್ ಸೇರಿಸಿದ ಉಪ್ಪನ್ನೂ, ಒಂದು ಭಾಗಕ್ಕೆ ಸಾದಾ ಉಪ್ಪನ್ನೂ ಒದಗಿಸಿ ವರ್ಷಗಟ್ಟಲೆ ಗಮನಿಸಿದರು. ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಈ ಅಧ್ಯಯನ ಆಧಾರವಾಯಿತು. ನಿಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲಿನ ಅಯೋಡಿನ್ ಎಂಬ ಪದದ ಹಿಂದೆ ಆ ಕಣಿವೆಯ ಜನರೂ ಇದ್ದಾರೆ.

ಮತ್ತೆ ನರ

ಪಿಟ್ಯೂಟರಿ ಥೈರಾಯ್ಡನ್ನು ಆಳುತ್ತದೆ, ಸರಿ. ಪಿಟ್ಯೂಟರಿಯನ್ನು ಆಳುವವರು ಯಾರು? ಬಟಾಣಿಕಾಳಿನಷ್ಟಿರುವ ಈ ಗ್ರಂಥಿ ಮಿದುಳಿನ ಹೈಪೊಥಲಮಸ್ ಎಂಬ ಭಾಗಕ್ಕೆ ಸಣ್ಣ ತೊಟ್ಟಿನಿಂದ ಜೋತುಕೊಂಡಿದೆ. ಭಯ, ಚಳಿ, ಹಗಲು-ರಾತ್ರಿಗಳಿಗೆ ತಕ್ಕಂತೆ ಅದರ ಕೆಲಸ ಬದಲಾಗುವುದರಿಂದ ಮಿದುಳಿನ ಹಿಡಿತವಿದೆಯೆಂಬುದು ಸ್ಪಷ್ಟ. ಆದರೆ ಅದರ ಮುಂಭಾಗಕ್ಕೆ ಮಿದುಳಿನಿಂದ ಹೇಳಿಕೊಳ್ಳುವಂಥ ನರಗಳೇ ಬರುವುದಿಲ್ಲ. 1902ರ ಪ್ರಶ್ನೆಯೇ ಮತ್ತೆ ಎದುರಾಯಿತು, ಈ ಬಾರಿ ತಲೆಬುರುಡೆಯೊಳಗೆ.

ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಆ ತೊಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ ರಕ್ತ ಒಯ್ಯುವ ಕೂದಲೆಳೆಯಂಥ ನಾಳಗಳತ್ತ ಬೊಟ್ಟು ಮಾಡಿದರು. ತೊಟ್ಟನ್ನು ಕತ್ತರಿಸಿದರೆ ಪಿಟ್ಯೂಟರಿ ಸೊರಗುತ್ತಿತ್ತು, ಆ ನಾಳಗಳು ಮತ್ತೆ ಬೆಳೆದುಕೊಂಡರೆ ಚೇತರಿಸುತ್ತಿತ್ತು. ನಡುವೆ ಮೇಣದ ಕಾಗದದ ಚೂರು ಇಟ್ಟು ನಾಳ ಬೆಳೆಯದಂತೆ ತಡೆದರೆ ಚೇತರಿಕೆ ಇಲ್ಲ! 1952ರಲ್ಲಿ ಅವರೂ ಡೋರಾ ಯಾಕೋಬ್‌ಸನ್ ಎಂಬ ವಿಜ್ಞಾನಿಯೂ ಇಲಿಗಳಲ್ಲಿ ಪಿಟ್ಯೂಟರಿಯನ್ನು ಕಿತ್ತು ಬೇರೆ ಕಡೆ ನೆಟ್ಟು ನೋಡಿದರು. ಹೈಪೊಥಲಮಸ್ಸಿನ ಕೆಳಗೆ ನೆಟ್ಟದ್ದು ಕೆಲಸ ಮಾಡಿತು, ಮಿದುಳಿನ ಇನ್ನೊಂದು ಭಾಗದ ಕೆಳಗೆ ನೆಟ್ಟದ್ದು ಮಾಡಲಿಲ್ಲ. ಬರ್ತೋಲ್ಡರ ಹುಂಜಗಳ ನೆನಪಾಗುತ್ತದಲ್ಲವೇ? ಹೈಪೊಥಲಮಸ್ಸಿನ ನರಕೋಶಗಳೇ ಹಾರ್ಮೋನು ತಯಾರಿಸಿ ರಕ್ತಕ್ಕೆ ಬಿಡುತ್ತವೆ ಎಂಬುದು ಹ್ಯಾರಿಸ್‌ರ ವಾದ. ನರವೋ ನೆತ್ತರೋ ಎಂದು ಎರಡು ಪಕ್ಷ ಮಾಡಿಕೊಂಡಿದ್ದವರಿಗೆ ಇದು ವಿಚಿತ್ರವಾಗಿ ಕಂಡಿತು. ಸಾಲಿ ಜುಕರ್‌ಮನ್‌ರಂಥ ಪ್ರಭಾವಿಗಳು ಬಹುಕಾಲ ಒಪ್ಪಲಿಲ್ಲ. ಹಾರ್ಮೋನು ಇದ್ದರೆ ತೆಗೆದು ತೋರಿಸಿ ಎಂಬುದು ಅವರ ಪಟ್ಟು.

ತೆಗೆದು ತೋರಿಸಲು ಅಮೆರಿಕದಲ್ಲಿ ಇಬ್ಬರು ಪೈಪೋಟಿಗೆ ನಿಂತರು. ಆಂಡ್ರೂ ಶಾಲಿ ಹಂದಿಗಳ, ರೋಜೆ ಗಿಲ್‌ಮನ್ ಕುರಿಗಳ ಹೈಪೊಥಲಮಸ್ಸುಗಳನ್ನು ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ತರಿಸಿದರು. ಗಿಲ್‌ಮನ್ ತಂಡಕ್ಕೆ ಸುಮಾರು 3 ಲಕ್ಷ ಕುರಿಗಳ ಹೈಪೊಥಲಮಸ್ಸಿನಿಂದ ದೊರೆತ ಶುದ್ಧ ವಸ್ತು 1 ಮಿಲಿಗ್ರಾಂ. 1969ರಲ್ಲಿ ಎರಡೂ ತಂಡಗಳು ಅದರ ರಚನೆ ಪ್ರಕಟಿಸಿದವು: ಮೂರೇ ಅಮೈನೊ ಆಮ್ಲಗಳ ಪುಟ್ಟ ಸರಪಳಿ, ಪಿಟ್ಯೂಟರಿಯಿಂದ ಟಿ.ಎಸ್.ಎಚ್. ಬಿಡಿಸುವ ಹಾರ್ಮೋನು. ಗಿಲ್‌ಮನ್, ಶಾಲಿ ಮತ್ತು ಯಾಲೊ ಅವರಿಗೆ 1977ರ ನೊಬೆಲ್ ಬಂತು. ಯಾಲೊ ಅವರ ಜೊತೆಗಾರ ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. ಹ್ಯಾರಿಸ್ ಅದಕ್ಕೂ ಮೊದಲು, 1971ರಲ್ಲಿ.